ಗೋಡೆಯ ಮೇಲಿನ ಹದಿಮೂರು ಗೀಟುಗಳು

ನನ್ನ ಅಂಗಿಯ ಜೇಬಿನಲ್ಲಿ ಅಂಗೈಯಗಲದ ಒಂದು ಪುಸ್ತಕ, ಅದಕ್ಕೆ ಸಿಕ್ಕಿಸಿದ ಒಂದು ಬಾಲ್‌ಪೆನ್ನು ಯಾವಾಗಲೂ ಇರುತ್ತವೆ. ಪ್ಯಾಂಟಿನ ಜೇಬಿನಲ್ಲಿ ಮೊಬೈಲ್ ಇರುತ್ತದೆ. ಟ್ರ್ಯಾಕ್ಟರ್ ಬಾಡಿಗೆಗೆ ಕೇಳಲು ಬರುವ ಹುಡುಗರು ನಾನು ಪುಸ್ತಕ ತೆಗೆದು ಅವರ ಹೆಸರು, ದಿನ, ಗದ್ದೆಯ ಗುರುತು ಬರೆದುಕೊಳ್ಳುವುದನ್ನು ನೋಡಿ ನಗುತ್ತಾರೆ. "ಅಣ್ಣಾ, ಇಷ್ಟು ಚಲೋ ಫೋನ್ ಐತಿ, ಅದರಾಗ ಹಾಕ್ಕೊಂಡ್ರ ಮುಗೀತಲ್ಲ?" ಎಂದು ಕೇಳುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಉತ್ತರ ಇಲ್ಲವೆಂದಲ್ಲ. ಬದುವಿನ ಮೇಲೆ ನಿಂತು ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ಅದಲ್ಲ. ಅಲ್ಲದೆ ಆ ಉತ್ತರದಲ್ಲಿ ನನ್ನದೊಂದು ತಪ್ಪೂ ಇದೆ.

ನಮ್ಮದು ಗಂಗಾವತಿ ತಾಲೂಕಿನ ಹನುಮನಹಳ್ಳಿ. ಹೊರಗಿನವರಿಗೆ ಇದು ಅಂಜನಾದ್ರಿ ಬೆಟ್ಟದ ಬುಡದ ಊರು. ಬೆಟ್ಟ ಹತ್ತಲು ಬರುವವರು, ಹೊಳೆಯಾಚೆಯ ಹಂಪಿ ನೋಡಿಕೊಂಡು ಆನೆಗೊಂದಿಯ ಕಡೆಗೆ ಹೋಗುವವರು ನಮ್ಮ ರಸ್ತೆಯಲ್ಲಿ ದಿನವೂ ಓಡಾಡುತ್ತಾರೆ. ಅವರ ಕಣ್ಣಿಗೆ ಬೀಳುವುದು ಬಂಡೆಗಳು. ನಮ್ಮ ಕಣ್ಣಿರುವುದು ಆ ಬಂಡೆಗಳ ನಡುವಿನ ಗದ್ದೆಗಳ ಮೇಲೆ, ತುಂಗಭದ್ರೆಯ ನೀರಿನ ಮೇಲೆ. ಕಾಲುವೆಗೆ ನೀರು ಬಂತೆಂದರೆ ಊರಿಗೆ ಊರೇ ಒಮ್ಮೆಲೇ ಎದ್ದು ನಿಲ್ಲುತ್ತದೆ. ಮಡಿಯಲ್ಲಿ ಬೆಳೆದ ನೆಲ್ಲಿನ ಸಸಿ 25ರಿಂದ 30 ದಿನಗಳೊಳಗೆ ಗದ್ದೆ ಸೇರಬೇಕು. ಸಸಿ ಬಲಿತರೆ ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ. ಅಷ್ಟರೊಳಗೆ ಕೇಜ್‌ವೀಲ್ ಹಾಕಿ ಕೆಸರು ಹದ ಮಾಡಬೇಕು, ನಾಟಿಗೆ ಹೆಣ್ಣಾಳುಗಳು ಸಿಗಬೇಕು. ಎಲ್ಲರಿಗೂ ಅದೇ ವಾರ ಟ್ರ್ಯಾಕ್ಟರ್ ಬೇಕು, ಎಲ್ಲರಿಗೂ ಅದೇ ಗುಂಪಿನ ಆಳುಗಳು ಬೇಕು. ಒಂದು ಮನೆಯ ಕೆಲಸ ಒಂದು ದಿನ ತಪ್ಪಿದರೆ ಹಿಂದಿನ ನಾಲ್ಕು ಮನೆಗಳ ಕೆಲಸ ತಪ್ಪುತ್ತದೆ. ಹೀಗಾಗಿ ಯಾರಿಗೆ ಯಾವ ದಿನ ಎಂದು ಬರೆದಿಡುವುದೇ ಅರ್ಧ ಬೇಸಾಯ.

ಅಬ್ಬಾ ಈ ಕೆಲಸಕ್ಕೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ ಇಟ್ಟಿದ್ದರು. ನಮ್ಮ ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು, ಕಚೇರಿಯ ಭಾಷೆ ಉರ್ದು. ಅಬ್ಬಾ ಮೊದಲು ಕಲಿತದ್ದು ಆ ಅಕ್ಷರಗಳನ್ನೇ. ಬಳಿಕ ಸಂತೆ, ಸ್ನೇಹ, ವ್ಯವಹಾರಗಳೆಲ್ಲ ಕನ್ನಡವನ್ನೂ ಕೈಗೆ ಹತ್ತಿಸಿದವು. ಆದ್ದರಿಂದ ಅವರ ಪುಟದಲ್ಲಿ ಆಳುಗಳ ಹೆಸರು, ಗದ್ದೆಯ ಹೆಸರು ಕನ್ನಡದಲ್ಲಿ ಎಡದಿಂದ ಬರುತ್ತಿದ್ದವು. ಅವರು ತಮಗಾಗಿ ಬರೆದುಕೊಂಡ ಟಿಪ್ಪಣಿ ಉರ್ದುವಿನಲ್ಲಿ ಬಲದಿಂದ ಬರುತ್ತಿತ್ತು. ಎರಡೂ ಸಾಲು ನಡುವೆ ಎಲ್ಲೋ ಒಂದನ್ನೊಂದು ಸಂಧಿಸುತ್ತಿದ್ದವು. ಕಾಲು, ಅರ್ಧ, ಮುಕ್ಕಾಲು ದಿನದ ಕೆಲಸಕ್ಕೆ ಹಳೆಯ ಲೆಕ್ಕದವರ ರೂಢಿಯಂತೆ ಒಂದು, ಎರಡು, ಮೂರು ನಿಲುಗೀಟು ಹಾಕುತ್ತಿದ್ದರು.

ಅವರಿಗೆ ಎರಡು ನಿಯಮಗಳಿದ್ದವು. ಪುಟ ಹರಿಯಬಾರದು. ಬರೆದದ್ದು ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರುವಂತಿರಬೇಕು. ಸಂಜೆ ಕೂಲಿಯವರು ಮನೆಯ ಕಟ್ಟೆಗೆ ಬಂದಾಗ ಅವರೆದುರೇ ಬರೆದು, ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಚಿಕ್ಕವನಾಗಿದ್ದಾಗ ನನಗೆ ಇದು ಬೇಸರ ತರುತ್ತಿತ್ತು. ಕುರ್‌ಆನಿನ ಅತಿ ಉದ್ದದ ವಚನ ಯಾವುದರ ಬಗ್ಗೆ ಇದೆ ಗೊತ್ತೇ ಎಂದು ಅಬ್ಬಾ ಒಮ್ಮೆ ಕೇಳಿದರು. ನಮಾಜಿನ ಬಗ್ಗೆ, ಉಪವಾಸದ ಬಗ್ಗೆ ಎಂದು ಊಹಿಸಿದೆ. ಅದು ಎರಡನೆಯ ಅಧ್ಯಾಯದ 282ನೆಯ ವಚನ, ಸಾಲವನ್ನು ಬರೆದಿಡುವ ಬಗ್ಗೆ ಇರುವಂಥದ್ದು. ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರಪಡಬೇಡಿ ಎನ್ನುತ್ತದೆ ಅದು. ಸಾಕ್ಷಿಗಳಿರಲಿ ಎನ್ನುತ್ತದೆ. ಬರೆಸುವ ಹೊಣೆಯನ್ನು ಹೊರಿಸುವುದು ಕೊಡಬೇಕಾದವನ ಮೇಲೆ. "ಕೂಲಿ ಕೊಡುವ ತನಕ ನಾವೇ ಸಾಲಗಾರರು. ಅದಕ್ಕೇ ಅವರ ಮುಂದೆ ಬರೆಯುವುದು" ಎಂದಿದ್ದರು ಅಬ್ಬಾ. ಆ ಮಾತಿನ ತೂಕ ನನಗೆ ತಿಳಿದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ.

ಸ್ಮಾರ್ಟ್‌ಫೋನ್ ಕೊಂಡ ವರ್ಷ ಕೆಂಪು ಪುಸ್ತಕ ಟ್ರಂಕಿಗೆ ಹೋಯಿತು. ಟ್ರ್ಯಾಕ್ಟರಿನ ಪಾಳಿ, ಗೊಬ್ಬರದ ಲೆಕ್ಕ, ಆಳುಗಳ ದಿನ ಎಲ್ಲವೂ ಫೋನಿನ ನೋಟ್ಸ್‌ಗೆ ಬಂದವು. ಅದರ ಉಪಕಾರವನ್ನು ಮರೆಯುವಂತಿಲ್ಲ. ಕೂಡಿಸುವುದು ಸುಲಭ, ಹುಡುಕುವುದು ಸುಲಭ, ಮಳೆಗೆ ಅಕ್ಷರ ಕಲಸಿಹೋಗುವುದಿಲ್ಲ. ಒಂದು ಮನೆಯ ಪಾಳಿ ಮುಂದೆ ಹೋದರೆ ಬೆರಳಿನಿಂದ ಅದನ್ನು ಕೆಳಗೆ ಸರಿಸಿದರಾಯಿತು, ಪುಟ ಸ್ವಚ್ಛವಾಗಿ ಹೊಸದರಂತೆ ಕಾಣುತ್ತದೆ. ಆ ಸ್ವಚ್ಛತೆಯೇ ನನ್ನನ್ನು ಕೆಡಿಸಿತು ಎಂದು ಈಗ ಅನಿಸುತ್ತದೆ.

ಅದು 2022ರ ಮುಂಗಾರು. ನಮ್ಮ ಗದ್ದೆಗೆ ಬರುವ ಹೆಂಗಸರ ಗುಂಪಿಗೆ ಮುಂದಾಳಾಗಿ ಒಬ್ಬ ಅಕ್ಕ ಇದ್ದಳು. ಓದು ಬಾರದು. ನಾಟಿಗೆ ಎಕರೆ ಲೆಕ್ಕ, ಕಳೆ ತೆಗೆಯುವುದಕ್ಕೆ ದಿನದ ಲೆಕ್ಕ. ಕಳೆಯ ಕೆಲಸ ಮುಗಿದ ಮೇಲೆ ಒಟ್ಟಿಗೆ ಹಣ ಕೊಡುವ ಮಾತಾಗಿತ್ತು. ಆ ದಿನ ಅಕ್ಕ "ಹದಿಮೂರು ದಿನ ಆತು" ಎಂದಳು. ನಾನು ಫೋನ್ ತೆಗೆದು ನೋಡಿದೆ. ಹನ್ನೊಂದು ಇತ್ತು. ಇನ್ನೊಮ್ಮೆ ನೆನಪು ಮಾಡಿಕೋ ಎಂದೆ. ಆಕೆ ಹದಿಮೂರೇ ಎಂದಳು. ಆಗ ನಾನು ಮಾಡಿದ ಕೆಲಸ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಓದು ಬಾರದ ಆ ಹೆಣ್ಣುಮಗಳ ಮುಖದ ಮುಂದೆ ಫೋನಿನ ಪರದೆ ಹಿಡಿದು, "ನೋಡಕ್ಕಾ, ಇಲ್ಲಿ ಬರದೈತಿ" ಎಂದೆ.

ಆಕೆ ಪರದೆಯ ಕಡೆ ನೋಡಲೇ ಇಲ್ಲ. "ತಮ್ಮಾ, ನಿನ್ನ ಫೋನ್ ಏನ್ ಹೇಳ್ತೈತೋ ನನಗ ಗೊತ್ತಿಲ್ಲ. ನನ್ನ ಗ್ವಾಡಿ ಹದಿಮೂರು ಅಂತೈತಿ" ಎಂದಳು. ನಾನು ಹನ್ನೊಂದು ದಿನದ ಹಣ ಕೊಟ್ಟೆ. ಎಣಿಸದೆ ಸೆರಗಿಗೆ ಕಟ್ಟಿಕೊಂಡು ಹೋದಳು.

ಮೂರು ದಿನಗಳ ಬಳಿಕ ಬೇರೇನನ್ನೋ ಹುಡುಕುತ್ತಾ ಫೋನಿನಲ್ಲಿ ಹಳೆಯ ಫೋಟೋಗಳನ್ನು ನೋಡುತ್ತಿದ್ದೆ. ಕಾಲುವೆಯಾಚೆಯ ಗದ್ದೆಯಲ್ಲಿ ಅದೇ ಹೆಂಗಸರು ಬಾಗಿ ಕಳೆ ತೆಗೆಯುತ್ತಿರುವ ಎರಡು ಚಿತ್ರಗಳು ಸಿಕ್ಕವು. ದಿನಾಂಕ ನೋಡಿದೆ. ನನ್ನ ಹನ್ನೊಂದರಲ್ಲಿ ಆ ಎರಡು ದಿನಗಳು ಇರಲಿಲ್ಲ. ಆಗ ನೆನಪಾಯಿತು. ಆ ಗದ್ದೆಯ ಲೆಕ್ಕವನ್ನು ಬೇರೆ ಇಡೋಣವೆಂದು ಅಲ್ಲಿಂದ ತೆಗೆದಿದ್ದೆ, ಇನ್ನೊಂದು ಕಡೆ ಬರೆಯುವುದನ್ನು ಮರೆತಿದ್ದೆ. ನಾನು ಸುಳ್ಳು ಹೇಳಿರಲಿಲ್ಲ, ಫೋನೂ ಸುಳ್ಳು ಹೇಳಿರಲಿಲ್ಲ. ಆದರೆ ಇಲ್ಲಿ ಏನೋ ಇತ್ತು, ಈಗ ಇಲ್ಲ ಎಂದು ಹೇಳುವ ಒಂದು ಗುರುತೂ ಆ ಲೆಕ್ಕದಲ್ಲಿ ಉಳಿದಿರಲಿಲ್ಲ. ಅಬ್ಬಾನ ಪುಸ್ತಕದಲ್ಲಾಗಿದ್ದರೆ ಒಂದು ಗೆರೆಯ ಕೆಳಗೆ ಆ ಎರಡು ದಿನಗಳು ಕುಳಿತು ನನ್ನನ್ನೇ ನೋಡುತ್ತಿದ್ದವು.

ಹಣ ತೆಗೆದುಕೊಂಡು ಅಕ್ಕನ ಮನೆಗೆ ಹೋದೆ. ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ ಇದ್ದಲಿನಿಂದ ಎಳೆದ ಗೀಟುಗಳಿದ್ದವು. ಹನ್ನೊಂದು ಒಂದು ಕಡೆ, ಎರಡು ತುಸು ದೂರದಲ್ಲಿ. "ಆ ಎರಡು ಕಾಲುವಿ ಆಚಿ ಹೊಲದ್ದು" ಎಂದಳು. ನಾನು ಬೇರೆ ಇಡಬೇಕೆಂದು ಹೊರಟಿದ್ದ ಲೆಕ್ಕವನ್ನು ಆಕೆ ಅಕ್ಷರವಿಲ್ಲದೆಯೇ ಬೇರೆ ಇಟ್ಟಿದ್ದಳು. ತಪ್ಪಾಯಿತು ಎಂದು ಹೇಳಿ ಹಣ ಕೊಟ್ಟೆ. ಕೂರಿಸಿ ಚಹ ಕೊಟ್ಟಳು. ಹೊರಡುವಾಗ ಹೇಳಿದಳು: "ರೊಕ್ಕ ಬಂತು ತಮ್ಮಾ. ಆದ್ರ ನಮ್ಮ ಹೆಂಗಸರು ಎರಡು ದಿನದ ಕೂಲಿ ನಾನ ಇಟ್ಕೊಂಡೀನಿ ಅಂದ್ರು. ಮೂರು ದಿನ ಓಣ್ಯಾಗ ಸುಳ್ಳು ಹೇಳಾಕಿ ಆಗಿದ್ದೆ. ಅದನ್ನ ಯಾವ ಲೆಕ್ಕದಾಗ ಬರೀತಿ?"

ಮರು ವರ್ಷ ಆ ಗುಂಪು ನಮ್ಮ ಗದ್ದೆಗೆ ಬರಲಿಲ್ಲ.

ಕೈಯಿಂದ ಬರೆಯುವುದರ ಲಾಭದ ಬಗ್ಗೆ ಇತ್ತೀಚೆಗೆ ಎಷ್ಟೋ ಬರಹಗಳು ಬರುತ್ತಿವೆ. ಅಮೆರಿಕದ ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪ್ಪೆನ್‌ಹೈಮರ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಹೆಸರಿಸುತ್ತಾರೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಂಡ ವಿದ್ಯಾರ್ಥಿಗಳು ಮಾತನ್ನು ಇದ್ದಂತೆಯೇ ಇಳಿಸಿಕೊಂಡರು, ಕೈಯಿಂದ ಬರೆದವರು ಅರ್ಥ ಮಾಡಿಕೊಂಡು ಬರೆದರು ಎಂಬುದು ಅದರ ಸಾರ. ಮುಂದೆ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆ ಚರ್ಚೆ ಬಲ್ಲವರಿಗಿರಲಿ. ನನ್ನ ಕಾರಣ ಜ್ಞಾಪಕಶಕ್ತಿಗೆ ಸಂಬಂಧಿಸಿದ್ದಲ್ಲ.

ಹಿಂದಿನದೆಲ್ಲ ಚೆನ್ನಾಗಿತ್ತು, ಇಂದಿನದೆಲ್ಲ ಕೆಟ್ಟಿತು ಎಂಬ ಹಾಡನ್ನೂ ನಾನು ಹಾಡಲಾರೆ. ಅಳಿಸಿ ಬರೆಯುವ ಸಾಧನ ನಮ್ಮ ಹಿರಿಯರಲ್ಲೂ ಇತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಕರಿಯ ಪುಸ್ತಕ ಮಾಡುತ್ತಿದ್ದರು. ಅದೇ ಕಡತ. ಅದರ ಮೇಲೆ ಬಳಪದಿಂದ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದಂಥ ಕಡೆ ಹಳೆಯ ಕಡತಗಳು ಇಂದಿಗೂ ಉಳಿದಿವೆ. ಕಚೇರಿಯ ಫೈಲಿಗೆ ನಾವು ಹೇಳುವ ಹೆಸರೂ ಅಲ್ಲಿಂದಲೇ ಬಂದದ್ದು. ಅಳಿಸಲು ಬರುವ ಬರಹವೂ ತಲೆಮಾರುಗಳ ಕಾಲ ಉಳಿಯಿತೆಂದರೆ, ಯಾವುದನ್ನು ಒರೆಸಬಹುದು, ಯಾವುದನ್ನು ಒರೆಸಬಾರದು ಎಂಬ ವಿವೇಕ ಬರೆಯುವವನಲ್ಲಿತ್ತು ಎಂದೇ ಅರ್ಥ.

ಇನ್ನೊಂದು ಕಡೆಯನ್ನೂ ನೋಡಬೇಕು. ಕೈಬರಹದ ಪಹಣಿಯ ಕಾಲವನ್ನು ಕಂಡ ರೈತರಿಗೆ ಕೈಬರಹದ ಮೇಲೆ ಅಂಥ ಮೋಹವೇನೂ ಇಲ್ಲ. ಒಬ್ಬರ ಕೈಯಲ್ಲಿ ಪುಸ್ತಕ, ಅವರು ಸಿಕ್ಕರೆ ಪಹಣಿ. ಏನು ಬರೆದಿದ್ದಾರೆ, ಯಾವಾಗ ತಿದ್ದಿದ್ದಾರೆ ಎಂದು ರೈತನಿಗೆ ತಿಳಿಯುವ ದಾರಿ ಕಡಿಮೆ. 2000ದ ಸುಮಾರಿಗೆ ರಾಜ್ಯ ಸರಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುವಂತಾಯಿತು. ಅಲ್ಲಿ ಕಂಪ್ಯೂಟರು ಮುಚ್ಚಿದ್ದ ಪುಸ್ತಕವನ್ನು ತೆರೆಯಿತು. ನನ್ನ ಜೇಬಿನಲ್ಲಿ ಅದೇ ಯಂತ್ರದ ತಮ್ಮ ತೆರೆದಿದ್ದ ಪುಸ್ತಕವನ್ನು ಮುಚ್ಚಿತು. ಕಾಗದವೋ ಪರದೆಯೋ ಎಂಬುದು ಆಮೇಲಿನ ಮಾತು. ಲೆಕ್ಕ ಇಬ್ಬರ ನಡುವೆ ಇದೆಯೋ, ಒಬ್ಬನ ಕೈಯಲ್ಲಿ ಮಾತ್ರ ಇದೆಯೋ ಎಂಬುದು ಮೊದಲಿನ ಮಾತು.

ಹೀಗೆ ನಾನು ಪುಸ್ತಕಕ್ಕೆ ಮರಳಿದೆ. ಎಡ ಪುಟದಲ್ಲಿ ನಾಳೆ ಏನಾಗಬೇಕು ಎಂದು ಬರೆಯುತ್ತೇನೆ. ಬಲ ಪುಟದಲ್ಲಿ ಏನಾಯಿತು ಎಂದು ಬರೆಯುತ್ತೇನೆ. ಎರಡೂ ಹೊಂದಿಕೆಯಾಗುವ ದಿನಗಳು ಕಡಿಮೆ, ಅದೂ ಒಂದು ಪಾಠವೇ. ಪಾಳಿ ಬದಲಾದರೆ ಒಂದೇ ಗೆರೆ ಎಳೆದು, ಏಕೆ ಎಂದು ಪಕ್ಕದಲ್ಲಿ ಎರಡು ಮಾತು ಬರೆಯುತ್ತೇನೆ. ಆಳುಗಳ ದಿನಕ್ಕೆ ಅಂಕಿಯ ಜೊತೆ ಗೀಟನ್ನೂ ಹಾಕುತ್ತೇನೆ. ಗೀಟನ್ನು ಎಣಿಸಲು ಶಾಲೆ ಬೇಕಿಲ್ಲ. ಸಂಜೆ ಕೆಲಸ ಬಿಟ್ಟಾಗ ಬದುವಿನ ಮೇಲೆ ಎಲ್ಲರೆದುರು ಓದಿ ಹೇಳುತ್ತೇನೆ. ಬಳಿಕ ಆ ಪುಟದ ಒಂದು ಫೋಟೋ ತೆಗೆದು ಫೋನಿನಲ್ಲಿಡುತ್ತೇನೆ, ಪುಸ್ತಕ ಕೆಸರಿಗೆ ಬಿದ್ದರೂ ಲೆಕ್ಕ ಉಳಿಯಲಿ ಎಂದು. ಫೋನಿಗೂ ಅದರ ಕೆಲಸ ಕೊಟ್ಟಿದ್ದೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ಹೊಳೆಗೆ ಹರಿಯಿತು. ಆ ಜಾಗಕ್ಕೆ ತಾತ್ಕಾಲಿಕ ಗೇಟು ಕೂರಿಸುವವರೆಗೆ, ಸುಮಾರು ಒಂದು ವಾರ, ನಮ್ಮ ಸೀಮೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಿರಲಾರರು. ಫೋನಿನಲ್ಲಿ ಗಳಿಗೆಗೊಂದು ಸುದ್ದಿ ಬರುತ್ತಿತ್ತು, ಅರ್ಧ ನಿಜ, ಅರ್ಧ ಗಾಳಿಮಾತು. ಆ ವಾರದ ನನ್ನ ಪುಟ ನೋಡಿದರೆ ಪಾಳಿಯನ್ನು ಮೂರು ಸಲ ಬರೆದು ಮೂರು ಸಲ ಹೊಡೆದು ಹಾಕಿದ್ದು ಕಾಣುತ್ತದೆ. ಯಾರು ಮೊದಲು ಕೇಳಿದ್ದರು, ಯಾರ ಸಸಿ ಬಲಿತಿತ್ತೆಂದು ಯಾರನ್ನು ಮುಂದೆ ತಂದೆ, ನನ್ನ ಗದ್ದೆಯನ್ನು ಎಲ್ಲಿಟ್ಟುಕೊಂಡೆ ಎಲ್ಲವೂ ಅಲ್ಲಿದೆ. ಜಗಳವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಚಹದಂಗಡಿಯ ಬೆಂಚಿನ ಮೇಲೆ ಆ ಪುಟವನ್ನು ನಡುವೆ ಇಟ್ಟುಕೊಂಡು ಜಗಳವಾಡಿದೆವು, ಬೆನ್ನ ಹಿಂದೆ ಆಡಲಿಲ್ಲ.

ಕಳೆದ 2025ರ ಮುಂಗಾರಿನಲ್ಲಿ ಅಕ್ಕನ ಗುಂಪು ಮತ್ತೆ ಬಂತು. ನಾನು ಕರೆದದ್ದು ಮೂರನೆಯ ಸಲ. ಮೊದಲ ದಿನದ ಕೆಲಸ ಮುಗಿದ ಮೇಲೆ ಬದುವಿನ ಮೇಲೆ ಕುಳಿತು, "ಎಲ್ಲಿ, ನಿನ್ನ ಪುಸ್ತಕ ತೋರ್ಸು" ಎಂದಳು. ಅವತ್ತಿನ ಒಂದು ಗೀಟನ್ನು ಬೆರಳಿಟ್ಟು ನೋಡಿದಳು. ಉಳಿದ ಹೆಂಗಸರಿಗೂ ತೋರಿಸಿದಳು. ಇನ್ನು ಗೋಡೆ ಕರಿ ಮಾಡುವುದು ತಪ್ಪಿತಲ್ಲ ಎಂದು ನಾನು ನಗುತ್ತಾ ಅಂದೆ.

"ಅದ್ಯಾಕ? ನಿನ್ನ ಪುಸ್ತಕಾನೂ ಇರ್ಲಿ, ನನ್ನ ಗ್ವಾಡೀನೂ ಇರ್ಲಿ" ಎಂದಳು ಅಕ್ಕ. "ಸಾಕ್ಷಿ ಎರಡಿದ್ರ ಚಲೋ ಅಲ್ಲೇನು ತಮ್ಮಾ?"

ಅಬ್ಬಾ ಬದುಕಿದ್ದರೆ ಆ ಮಾತಿಗೆ ತಲೆದೂಗುತ್ತಿದ್ದರು.