ಅವ್ವ ಹಿಡಿಯದ ಹಿಡಿಕೆ

ಹೋದ ಮಳೆಗಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಸೊಂಟಕ್ಕೆ ಒಳಪೆಟ್ಟಾಗಿ ಹದಿನೈದು ದಿನ ಹಾಸಿಗೆ ಹಿಡಿದಳು. ಸುದ್ದಿ ನನಗೆ ಗೊತ್ತಾಗಿದ್ದು ಮೂರನೇ ದಿನ, ಅದೂ ಪಕ್ಕದ ಮನೆಯ ಚಿಗವ್ವ ಫೋನ್ ಮಾಡಿದ್ದಕ್ಕೆ. "ನಿನಗ್ಯಾಕ ಸುಮ್ನ ತ್ರಾಸು ಅಂತ ಹೇಳ್ಲಿಲ್ಲ" ಅಂದಳು ಅವ್ವ.

ನಾನಿರೋದು ಹೈದರಾಬಾದಿನಲ್ಲಿ. ಅವ್ವ ಇರೋದು ಚಿಂಚೋಳಿ ತಾಲ್ಲೂಕಿನ ಸುಲೇಪೇಟದಲ್ಲಿ, ಅಜ್ಜ ಕಟ್ಟಿಸಿದ ಮನೆಯಲ್ಲಿ. ಅಪ್ಪ ಹೋದ ಮೇಲೆ ಒಬ್ಬಳೇ. ನನ್ನ ಜೊತೆ ಬಾ ಅಂದರೆ ಬರೋದಿಲ್ಲ. ಸರಿ, ಬಚ್ಚಲಲ್ಲಿ ಹಿಡಿದು ಏಳೋಕೆ ಒಂದು ಸ್ಟೀಲ್ ಹಿಡಿಕೆ ಆದರೂ ಇರಲಿ ಅಂತ ಆನ್‌ಲೈನಿನಲ್ಲಿ ತರಿಸಿದೆ. ಜೊತೆಗೆ ಒಂದು ಡ್ರಿಲ್ ಮಷಿನ್. ಡಬ್ಬಿಯಲ್ಲೇ ಆರು ಸ್ಕ್ರೂ, ಆರು ಪ್ಲಾಸ್ಟಿಕ್ ಪ್ಲಗ್ ಬಂದಿದ್ದವು. ಎರಡು ವಿಡಿಯೊ ನೋಡಿ, ಒಂದು ಭಾನುವಾರ ಊರಿಗೆ ಹೋಗಿ ಅರ್ಧ ಗಂಟೆಯಲ್ಲಿ ಹಚ್ಚಿಬಿಟ್ಟೆ. ಫೋಟೊ ತೆಗೆದು ಗೆಳತಿಯರ ಗುಂಪಿಗೆ ಕಳಿಸಿದೆ. ಹದಿನೇಳು ಹಾರ್ಟು ಬಂದವು.

ಮೂರು ತಿಂಗಳು ಬಿಟ್ಟು ದೀಪಾವಳಿಗೆ ಹೋದಾಗ ಹಿಡಿಕೆಯ ಮೇಲೆ ಟವೆಲ್ ಒಣಗುತ್ತಿತ್ತು. ಅವ್ವ ಹೊರಬರುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಂದಳು.

"ಯಾಕವ್ವ, ಅದನ್ನ ಹಿಡ್ಕೊಳ್ಳಂಗಿಲ್ಲೇನು?"

"ಟವಲ್ ಹಾಕಾಕ ಚಲೋ ಆಗ್ಯದ ನೋಡು."

ನಾನೇ ಹೋಗಿ ಹಿಡಿದು ಜಗ್ಗಿದೆ. ಒಂದು ತುದಿ ಸ್ಕ್ರೂ, ಪ್ಲಗ್ಗು, ಅಂಗೈ ಅಗಲದ ಗಿಲಾವು ಸಮೇತ ಕೈಗೆ ಬಂತು. ಹಿಂದೆ ಕೆಂಪು ಮಣ್ಣು ಉದುರಿತು. ಅವ್ವನಿಗೆ ಮೊದಲ ವಾರವೇ ಗೊತ್ತಾಗಿತ್ತಂತೆ, ಅಳ್ಳಾಡ್ತದ ಅಂತ. "ಅಷ್ಟ್ ಪ್ರೀತಿಲೆ ಹಚ್ಚಿ ಹೋಗಿದ್ದಿ. ಹೇಳಿದ್ರ ಬ್ಯಾಸರ ಮಾಡ್ಕೋತಿ ಅಂತ ಸುಮ್ನಿದ್ದೆ."

ಆ ಮೂರು ತಿಂಗಳಲ್ಲಿ ಒಂದು ದಿನ ಮರೆತು ಅದನ್ನೇ ನಂಬಿ ಮೈಭಾರ ಹಾಕಿದ್ದರೆ? ಹಿಡಿಕೆ ಇಲ್ಲದಿದ್ದರೆ ಅವಳು ಎಚ್ಚರವಾಗಿರುತ್ತಿದ್ದಳು. ನಾನು ಹಚ್ಚಿದ್ದು ಅದಕ್ಕಿಂತ ಅಪಾಯದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ನಮ್ಮ ಓಣಿಯ ಗೌಂಡಿ ಕಾಕಾನನ್ನು ಕರೆದೆ. ಅವರು ಬಂದವರೇ ಹಿಡಿಕೆ ನೋಡಲಿಲ್ಲ, ಗೋಡೆ ನೋಡಿದರು. ಸಣ್ಣ ಸುತ್ತಿಗೆಯಿಂದ ಗೇಣಿಗೊಂದು ಕಡೆ ಮೆಲ್ಲಗೆ ಬಡಿಯುತ್ತಾ ಹೋದರು. ಕೆಲವು ಕಡೆ ಠಣ್ ಅಂತು, ಕೆಲವು ಕಡೆ ದಬ್ ಅಂತು.

"ತಂಗಿ, ಠಣ್ ಅಂದಲ್ಲಿ ಕಲ್ಲದ. ದಬ್ ಅಂದಲ್ಲಿ ಮಣ್ಣದ. ನೀ ಮಣ್ಣಿಗೆ ಸ್ಕ್ರೂ ಹೊಡ್ದಿ."

ನಮ್ಮ ಕಡೆಯ ತಮಾಷೆ ನೋಡಿ. ವಾಡಿ, ಸೇಡಂ, ಮಳಖೇಡದ ಕಡೆ ಹೋದರೆ ಸಿಮೆಂಟ್ ಕಾರ್ಖಾನೆಗಳ ಚಿಮಣಿ ಕಾಣುತ್ತವೆ. ನೆಲಕ್ಕೆ ಹಾಸುವ ಶಹಾಬಾದ್ ಪರ್ಸಿ ಎಲ್ಲೆಲ್ಲೋ ಹೋಗುತ್ತದೆ. ಆದರೆ ನಮ್ಮ ಹಳೇ ಮನೆಗಳ ಗೋಡೆ ಅದೇ ಸುಣ್ಣಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ್ದು. ಒಂದೂವರೆ ಅಡಿ ದಪ್ಪ, ಬೇಸಿಗೆಯಲ್ಲಿ ತಂಪು. ಮೇಲೆ ಮಾತ್ರ ಅರ್ಧ ಇಂಚು ಸಿಮೆಂಟ್ ಗಿಲಾವು. ಹೊರಗಿನಿಂದ ನೋಡಿದರೆ ಬಲು ಗಟ್ಟಿ.

ಪ್ಲಾಸ್ಟಿಕ್ ಪ್ಲಗ್ಗಾಗಲಿ, ಬಡಿದು ಬಿಗಿಯುವ ಆ್ಯಂಕರ್ ಬೋಲ್ಟ್ ಆಗಲಿ, ಹಿಡಿಯೋದು ಒಂದೇ ಉಪಾಯದಿಂದ: ತೂತಿನೊಳಗೆ ಉಬ್ಬಿ ಸುತ್ತಲೂ ಒತ್ತುತ್ತವೆ. ಇವತ್ತು ಎಲ್ಲ ಅಂಗಡಿಯಲ್ಲೂ ಸಿಗೋ ಆ ನೈಲಾನ್ ಪ್ಲಗ್ಗನ್ನು 1958ರಲ್ಲಿ ರೂಪಿಸಿದ್ದು ಜರ್ಮನಿಯ ಆರ್ಟುರ್ ಫಿಷರ್. ಒಳ್ಳೆಯ ಉಪಾಯವೇ, ಆದರೆ ಒತ್ತಿದಾಗ ತಡೆಯುವಂಥದ್ದು ಸುತ್ತ ಇರಬೇಕು. ಮಣ್ಣು ಸರಿದುಕೊಳ್ಳುತ್ತದೆ. ಪದರು ಪದರಾಗಿರುವ ನಮ್ಮ ಕಲ್ಲಿನ ಅಂಚಿನ ಹತ್ತಿರ ಉಬ್ಬುವ ಬೋಲ್ಟ್ ಬಿಗಿದರೆ ಕಲ್ಲೇ ಸೀಳುತ್ತದೆ.

ಇನ್ನೊಂದು ತಿಳಿಯದೇ ಇದ್ದದ್ದು ಭಾರದ ವಿಷಯ. ಗೋಡೆಗೆ ಒತ್ತಿಕೊಂಡ ಫೋಟೊ ಕೆಳಕ್ಕೆ ಮಾತ್ರ ಎಳೆಯುತ್ತದೆ. ಮುಂದಕ್ಕೆ ಚಾಚಿದ ಶೆಲ್ಫ್, ಗೀಸರ್, ಟಿವಿ ಸ್ಟ್ಯಾಂಡ್ ಇವೆಲ್ಲ ಮೇಲಿನ ಸ್ಕ್ರೂಗಳನ್ನು ಹೊರಕ್ಕೂ ಎಳೆಯುತ್ತವೆ. 25 ಲೀಟರ್ ಗೀಸರ್ ಅಂದರೆ ನೀರೇ 25 ಕೆ.ಜಿ. ಬಚ್ಚಲ ಹಿಡಿಕೆಯಂತೂ ಮೂರು ತಿಂಗಳು ಸುಮ್ಮನಿದ್ದು, ಒಂದು ಕ್ಷಣದಲ್ಲಿ ಜಾರುವ ಮನುಷ್ಯನ ಪೂರ್ತಿ ಜಗ್ಗು ತಡೆಯಬೇಕು. ಅಮೆರಿಕದಲ್ಲಿ ಅಂಗವಿಕಲರಿಗಾಗಿ ಇರುವ ಕಟ್ಟಡ ನಿಯಮದ ಪ್ರಕಾರ ಇಂಥ ಹಿಡಿಕೆ 250 ಪೌಂಡ್, ಅಂದರೆ ಸುಮಾರು 113 ಕೆ.ಜಿ. ತಡೆಯಬೇಕು. ಅವ್ವನ ತೂಕ 52. ಅದಕ್ಕೇ ಸಾಕು ಅಂದುಕೊಂಡಿದ್ದೆ ನಾನು.

ಕಾಕಾ ಗಿಲಾವು ಕೆತ್ತಿಸಿದರು. ಸುತ್ತಿಗೆ ಜೋರಾಗಿ ಬೀಸಲು ಬಿಡಲಿಲ್ಲ. 2021ರ ಅಕ್ಟೋಬರಿನಲ್ಲಿ ಪಕ್ಕದ ಗಡಿಕೇಶ್ವಾರದ ಕಡೆ ಭೂಮಿ ಮತ್ತೆ ಮತ್ತೆ ನಡುಗಿ ಜನ ಮನೆಯೊಳಗೆ ಮಲಗಲು ಹೆದರಿದ್ದು ನಮಗೆಲ್ಲ ನೆನಪಿದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪದಲ್ಲಿ ಜನ ಸತ್ತದ್ದು ಬಹುಪಾಲು ಇಂಥವೇ ಕಲ್ಲು-ಮಣ್ಣಿನ ಗೋಡೆಗಳ ಕೆಳಗೆ. "ಇಂಥ ಗ್ವಾಡಿಗಿ ಬಡ್ದಷ್ಟೂ ಮಣ್ಣು ಸಡ್ಲ ಆಗ್ತದ. ಮಲಗೋ ತಲಿ ಮ್ಯಾಲಂತೂ ಭಾರದ್ದೇನೂ ಹಚ್ಚಬ್ಯಾಡ್ರಿ" ಅಂದರು.

ಕಲ್ಲುಗಳು ಕಂಡವು. ಆದರೆ ಹಿಡಿಕೆಯ ಎರಡು ತುದಿ ಬರುವ ಜಾಗದಲ್ಲಿ ಗಟ್ಟಿ ಕಲ್ಲಿರಲಿಲ್ಲ. ಕಾಕಾ ದಾರಿ ಹೇಳಿದರು: ಕಲ್ಲು ಎಲ್ಲಿದೆಯೋ ಅಲ್ಲಿಗೆ ಒಂದು ಪಟ್ಟಿ ಬಿಗಿ, ಹಿಡಿಕೆಯನ್ನು ಪಟ್ಟಿಗೆ ಬಿಗಿ. ವೆಲ್ಡಿಂಗ್ ಅಂಗಡಿಯಲ್ಲಿ ಎರಡಡಿ ಉದ್ದ, ನಾಲ್ಕಿಂಚು ಅಗಲ, 6 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಕತ್ತರಿಸಿ, ನಾಲ್ಕು ಕಲ್ಲುಗಳ ನಡುಮಧ್ಯಕ್ಕೆ ಸರಿಯಾಗಿ ತೂತು ಹಾಕಿಸಿದೆವು. ಹಿಡಿಕೆಯ ಬೋಲ್ಟುಗಳನ್ನೂ ಹಿಂದಿನಿಂದ ಅಲ್ಲೇ ಕೂರಿಸಿದೆವು.

ಉಬ್ಬುವ ಬೋಲ್ಟಿನ ಬದಲು ಅಂಟಿನ ಆ್ಯಂಕರ್ ಬಳಸಿದೆವು. ಅಂಗಡಿಯಲ್ಲಿ ಕೆಮಿಕಲ್ ಆ್ಯಂಕರ್ ಅಂದರೆ ಕೊಡುತ್ತಾರೆ. ಅದು ಕಲ್ಲನ್ನು ಒತ್ತೋದಿಲ್ಲ, ಕಚ್ಚಿಕೊಳ್ಳುತ್ತದೆ. ಕಲ್ಲು ಸೀಳಬಾರದು ಅಂತ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ನಿಧಾನಕ್ಕೆ 12 ಮಿ.ಮೀ. ತೂತು ಕೊರೆದೆ, ಸುಮಾರು ಮೂರೂವರೆ ಇಂಚು ಆಳ. ಆಮೇಲಿನದು ಬೇಸರದ ಕೆಲಸ, ಆದರೆ ಎಲ್ಲ ಇರೋದು ಅಲ್ಲೇ: ಬ್ರಷ್ಷಿನಿಂದ ಉಜ್ಜು, ಧೂಳು ಊದು, ಮತ್ತೆ ಉಜ್ಜು, ಮತ್ತೆ ಊದು. ಧೂಳು ಉಳಿದರೆ ಅಂಟು ಧೂಳಿಗೆ ಅಂಟುತ್ತದೆ, ಕಲ್ಲಿಗಲ್ಲ. ಗನ್ನಿನಿಂದ ಮೊದಲು ಬರುವ ಸರಿಯಾಗಿ ಬೆರೆಯದ ಅಂಟನ್ನು ಚೆಲ್ಲಿ, ತೂತಿನ ತಳದಿಂದ ತುಂಬುತ್ತಾ ಬಂದು, 10 ಮಿ.ಮೀ. ಥ್ರೆಡ್ ರಾಡ್ ತಿರುಗಿಸುತ್ತಾ ಒಳಗೆ ಇಳಿಸಿದೆವು. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮುಟ್ಟುವ ಹಾಗಿಲ್ಲ. ನಾವು ಒಂದು ರಾತ್ರಿ ಪೂರ್ತಿ ಬಿಟ್ಟೆವು.

ಎತ್ತರವನ್ನು ಅವ್ವನ ಕೈಯಿಂದಲೇ ಅಳೆದಿದ್ದೆವು. ಸ್ಟೂಲಿನ ಮೇಲೆ ಕೂತು ಏಳುವಾಗ ಅವಳ ಕೈ ತಾನಾಗಿ ಎಲ್ಲಿ ಹೋಗುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ. ಮೊದಲ ಸಲ ನಾನು ನನ್ನ ಎತ್ತರಕ್ಕೆ ಹಚ್ಚಿದ್ದೆ.

ಬೆಳಿಗ್ಗೆ ನಟ್ಟು ಬಿಗಿದು, ಎರಡೂ ಕಾಲು ಗೋಡೆಗೆ ಒತ್ತಿ, ಹಿಡಿಕೆಗೆ ಜೋತುಬಿದ್ದೆ. ಆಮೇಲೆ ನನಗಿಂತ ದಪ್ಪ ಇರುವ ಕಾಕಾ ಜಗ್ಗಿದರು. ಅಲುಗಲಿಲ್ಲ. ಅವ್ವ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು, ಏನೂ ಅನ್ನಲಿಲ್ಲ.

ನಗರದ ಫ್ಲಾಟಿನಲ್ಲಿ ಇರುವ ನಿಮಗೂ ಇದು ಬೇರೆ ಕತೆ ಅಲ್ಲ. ಟೊಳ್ಳು ಬ್ಲಾಕಾ, ಹಗುರ ಎಎಸಿ ಬ್ಲಾಕಾ, ಇಟ್ಟಿಗೆಯಾ, ಕಾಂಕ್ರೀಟಾ ಅಂತ ಮೊದಲು ತಿಳಿದುಕೊಳ್ಳಿ. ಡ್ರಿಲ್ಲಿನಿಂದ ಉದುರುವ ಪುಡಿಯೇ ಹೇಳುತ್ತದೆ: ಕೆಂಪಾದರೆ ಇಟ್ಟಿಗೆ, ಬಿಳಿಯಾಗಿ ಮೆತ್ತಗಿದ್ದರೆ ಎಎಸಿ, ಬಿಟ್ ಏಕ್‌ದಂ ಒಳಗೆ ಹೋದರೆ ಟೊಳ್ಳು. ಒಂದೊಂದಕ್ಕೂ ಬೇರೆ ಪ್ಲಗ್ ಇದೆ. ಡಬ್ಬಿಯಲ್ಲಿ ಬಂದದ್ದೇ ನಿಮ್ಮ ಗೋಡೆಗೆ ಸರಿ ಅಂತ ನಂಬಬೇಡಿ. ಸ್ವಿಚ್ಚು, ನಲ್ಲಿಯ ನೇರಕ್ಕೆ ಮೇಲೆ ಕೆಳಗೆ ಕೊರೆಯಬೇಡಿ, ಒಳಗೆ ವೈರು ಪೈಪು ಇರುತ್ತವೆ. ಕೊನೆಗೆ, ಮನೆಯ ಹಿರಿಯರು ಮುಟ್ಟುವ ಮೊದಲು ನೀವೇ ಜೋತುಬಿದ್ದು ನೋಡಿ.

ಹೋದ ವಾರ ಹೋದಾಗ ಟವೆಲ್ ಬಾಗಿಲ ಹಿಂದಿನ ಮೊಳೆಗೆ ಬಂದಿತ್ತು. ಹಿಡಿಕೆಯ ಮೇಲೆ ಸೋಪಿನ ಕೈಗುರುತು. ಚಹಾ ಕೊಡುತ್ತಾ ಅವ್ವ ಕೇಳಿದಳು, "ಹೊರಗ ಕಟ್ಟಿ ಹತ್ತೋ ಕಡಿನೂ ಒಂದು ಹಚ್ತಿಯೇನು?"

ತನಗೆ ಬೇಕು ಅಂತ ಅವ್ವ ನನ್ನನ್ನು ಏನಾದರೂ ಕೇಳಿದ್ದು ನನಗೆ ನೆನಪಿರುವಂತೆ ಇದೇ ಮೊದಲು. ಚಹಾ ಅಲ್ಲೇ ಇಟ್ಟು, ಸುತ್ತಿಗೆ ಹುಡುಕಿಕೊಂಡು ಹೊರಗೆ ಹೋಗಿ ಗೋಡೆ ಬಡಿದು ನೋಡಿದೆ.