ಬೆಂಜ್ ಲಾರಿಯ ತಲೆಬಿಸಿ

ಹಳೇ ಲಾರಿಗೆ ಮರುಜೀವ ಕೊಡಲು ಹೊರಟವನಿಗೆ ಎಂಜಿನ್ ದೊಡ್ಡ ಚಿಂತೆಯಲ್ಲ. ಅದಕ್ಕೆ ಮೇಸ್ತ್ರಿಗಳಿದ್ದಾರೆ, ಗುಜರಿ ಅಂಗಡಿಗಳಿವೆ, ಪುಕ್ಕಟೆ ಸಲಹೆ ಕೊಡುವ ಅರ್ಧ ಊರೇ ಇದೆ. ನಿದ್ದೆ ಕೆಡಿಸುವುದು ಕ್ಯಾಬಿನ್ನಿನ ಸೂರು. ನೋಡಲು ಬಂದವರು ಯಾರೂ ಅದರ ಕಡೆ ಕತ್ತೆತ್ತುವುದಿಲ್ಲ. ಒಳಗೆ ಕೂತವನ ನೆತ್ತಿಗೆ ಮಾತ್ರ ಅದರ ಯೋಗ್ಯತೆ ಗೊತ್ತು.

ನಮ್ಮದು ಟಾಟಾ ಮರ್ಸಿಡಿಸ್ ಬೆಂಜ್, ಮೂತಿಯ ಮೇಲೆ ನಕ್ಷತ್ರ ಇರುವ ಗಾಡಿ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಷೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದ್ದು 1954ರಲ್ಲಿ. ಹದಿನೈದು ವರ್ಷದ ಆ ನಂಟು 1969ಕ್ಕೆ ಮುಗಿಯಿತು, ನಕ್ಷತ್ರದ ಜಾಗಕ್ಕೆ ಟಾಟಾದ ಅಕ್ಷರ ಬಂದು ಕೂತಿತು. ತಿಪಟೂರಿನ ಕೊಬ್ಬರಿ ಮಂಡಿಯವರು ಮಾತ್ರ ಇದ್ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಆಮೇಲೆ ಬಂದ ಟಾಟಾಗಳನ್ನೂ ಬೆಂಜ್ ಲಾರಿ ಅಂತಲೇ ಕರೆದರು. ಅಪ್ಪ ಕೊಬ್ಬರಿ ತುಂಬಿಕೊಂಡು ಉತ್ತರಕ್ಕೆ ಹೋಗುತ್ತಿದ್ದದ್ದು ಇದರಲ್ಲೇ.

ಈಗ ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಅಮ್ಮ ಊಟಕ್ಕೆ ಕರೆದರೆ ಕೇಳಿಸುವುದಿಲ್ಲ. ಬೀದಿಯ ಕೊನೆಯಲ್ಲಿ ಹೋಗುವ ಲಾರಿ ಯಾವ ಗೇರಿನಲ್ಲಿದೆ ಅಂತ ಮಾತ್ರ ಕೂತಲ್ಲಿಂದಲೇ ಹೇಳುತ್ತಾರೆ. ಅಮ್ಮ ಇದನ್ನು ಶುದ್ಧ ನಾಟಕ ಅನ್ನುತ್ತಾಳೆ. ಪಾಪ, ನಾಟಕವಲ್ಲ. ಗದ್ದಲಕ್ಕೆ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು 4000 ಹರ್ಟ್ಸ್ ಆಸುಪಾಸಿನ ಏರು ದನಿಗಳನ್ನು. ಎಂಜಿನ್ನಿನ ತಗ್ಗು ಗುಡುಗು ಬಹಳ ಕಾಲ ಉಳಿದಿರುತ್ತದೆ. ಕಾರ್ಖಾನೆಯಲ್ಲಾದರೆ ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿ ಅಂತ ನಿಯಮವಿದೆ. ಲಾರಿ ಕ್ಯಾಬಿನ್ನು ಕಾರ್ಖಾನೆಯಲ್ಲವಲ್ಲ.

ಆಗಿನ ಲಾರಿ ಕಂಪನಿಯಿಂದ ಬರುತ್ತಿದ್ದದ್ದು ಚಾಸಿ ಮತ್ತು ಮೂತಿ ಮಾತ್ರ. ಕ್ಯಾಬಿನ್ ಕಟ್ಟುತ್ತಿದ್ದವರು ನಮ್ಮ ಬಡಗಿಗಳು: ಮರದ ಚೌಕಟ್ಟು, ಮೇಲೆ ತಗಡು, ಒಳಗೆ ಪ್ಲೈವುಡ್ಡು, ಅದಕ್ಕೆ ಗುಂಡಿ ಹೊಡೆದ ರೆಕ್ಸಿನ್. ನಮ್ಮ ಗಾಡಿಯ ರೆಕ್ಸಿನ್ ಕಿತ್ತಾಗ ಪ್ಲೈವುಡ್ಡಿನ ಹಿಂದಿನಿಂದ ಗೋಣಿತಾಟು, ತೆಂಗಿನ ನಾರು, ಜೊತೆಗೆ ಯಾವುದೋ ಕಾಲದ ಕೊಬ್ಬರಿ ಚೂರು ಉದುರಿದವು. ತಿಪಟೂರಿನಲ್ಲಿ ಇನ್ನೇನು ಸಿಕ್ಕೀತು? ನಗುವಂಥದ್ದೇನೂ ಅಲ್ಲ. ಅದೇ ಕಾಲದ ಅಮೆರಿಕದ ಕಾರು, ಪಿಕಪ್ಪುಗಳ ನೆಲಹಾಸಿನ ಅಡಿಯಲ್ಲೂ ಸೆಣಬಿನ ಪದರವೇ ಇರುತ್ತಿತ್ತು. ನಾರಿನ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನೂ ಸದ್ದನ್ನೂ ತಡೆಯುತ್ತದೆ ಅನ್ನುವುದು ಆ ಬಡಗಿಗೂ ಗೊತ್ತಿತ್ತು. ತೊಂದರೆ ಒಂದೇ, ಅದು ನೀರು ಕುಡಿಯುತ್ತದೆ. ಕುಡಿದ ನೀರನ್ನು ತಗಡಿಗೆ ಒತ್ತಿ ಹಿಡಿದುಕೊಂಡು ಕೂರುತ್ತದೆ. ನಮ್ಮ ಸೂರಿನ ತಗಡು ಒಳಗಿನಿಂದ ತುಕ್ಕು ತಿಂದು, ಹೊರಗಿನ ಬಣ್ಣದ ಮೇಲೆ ನಿಂತಿತ್ತು.

ತಗಡು ಬದಲಾಯಿತು. ಒಳಗೆ ಏನು ಹಾಕುವುದು? ಟಿಂಕರ್ ಮೇಸ್ತ್ರಿಯ ಉತ್ತರ ತಯಾರಿತ್ತು: “ಹಳೇ ಟ್ಯೂಬ್ ಕುಯ್ದು ಸೊಲ್ಯೂಷನ್ ಹಚ್ಚಿ ಅಂಟಿಸ್ಬುಡಣ ಸಾರ್, ಸದ್ದೇ ಬರಲ್ಲ.” ಅವರ ಮಾತು ಪೂರ್ತಿ ಸುಳ್ಳಲ್ಲ. ಈಗ ಸದ್ದಡಗಿಸಲು ಮಾರುವ, ಒಂದು ಮುಖಕ್ಕೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಕಪ್ಪು ಶೀಟು ಟ್ಯೂಬಿನ ದಾಯಾದಿಯೇ. ಎರಡೂ ಬ್ಯುಟೈಲ್ ರಬ್ಬರು. 1937ರಲ್ಲಿ ಅಮೆರಿಕದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಕಂಡುಹಿಡಿದದ್ದು. ಗಾಳಿ ಸೋರಗೊಡದ ಗುಣದಿಂದ ಟ್ಯೂಬಿಗೆ ಹೋಯಿತು. ಆದರೆ ಟ್ಯೂಬಿನದು ಬೇಯಿಸಿ ಗಟ್ಟಿ ಮಾಡಿದ ರಬ್ಬರು, ಎಳೆದರೆ ಪುಟಿಯುತ್ತದೆ. ಶೀಟಿನದು ಬೇಯಿಸದ, ಜಿಗುಟಾದ, ಸೋಮಾರಿ ರಬ್ಬರು. ನಮಗೆ ಬೇಕಾದದ್ದು ಆ ಸೋಮಾರಿತನವೇ.

ಬಾರಿಸಿದ ಜಾಗಟೆಗೆ ಅಂಗೈ ಒತ್ತಿದರೆ ದನಿ ಹೇಗೆ ಸಾಯುತ್ತದೋ, ನಡುಗುವ ತಗಡಿಗೆ ಈ ಶೀಟು ಹಾಗೆ. ತಗಡು ಬಾಗಿದಾಗ ರಬ್ಬರು ಹಾಳೆಗೂ ತಗಡಿಗೂ ನಡುವೆ ಸಿಕ್ಕಿ ಉಜ್ಜಾಡಿ, ನಡುಕವನ್ನು ಚೂರು ಬಿಸಿಯಾಗಿ ಕರಗಿಸುತ್ತದೆ. ತಗಡಿಗೆ ಲೇಪ ಹಚ್ಚಿ ನಡುಕ ಇಳಿಸುವ ಲೆಕ್ಕವನ್ನು ಜರ್ಮನಿಯ ಹರ್ಮನ್ ಓಬರ್ಸ್ಟ್ 1952ರಲ್ಲಿ ಬರೆದ. ಮೇಲೊಂದು ಗಟ್ಟಿ ಹಾಳೆ ಇದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಕರ್ವಿನ್ 1959ರಲ್ಲಿ. ಅಂಗೈಯನ್ನು ಜಾಗಟೆಯ ತುಂಬ ಒತ್ತಬೇಕಾಗಿಲ್ಲವಲ್ಲ? ತಗಡಿನ ಕಾಲು ಭಾಗದಿಂದ ಮೂರನೇ ಒಂದು ಭಾಗ ಮುಚ್ಚಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಅಂಗಡಿಯವನು ಪೂರ್ತಿ ಸೂರಿಗೆ ಅಳತೆ ಹಾಕಿದ್ದ. ಅದು ಅವನ ಧರ್ಮ. ಅಗ್ಗಕ್ಕೆ ಸಿಗುವ ಡಾಂಬರಿನ ಶೀಟನ್ನೂ ತೋರಿಸಿದ. ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ, ನಾತ ಹೊಡೆದು, ಕೊನೆಗೊಂದು ಮಧ್ಯಾಹ್ನ ಡ್ರೈವರನ ತಲೆ ಮೇಲೆ ಇಳಿಯುವ ಸರಕು. ನೆಲಕ್ಕಾದರೆ ಸರಿ, ಸೂರಿಗೆ ಬೇಡವೇ ಬೇಡ.

ಇಷ್ಟಾದರೂ ಬ್ಯುಟೈಲ್ ಶಾಖಕ್ಕೆ ಏನೂ ಮಾಡುವುದಿಲ್ಲ. ಅದರ ಮೇಲಿನ ಹೊಳೆಯುವ ಹಾಳೆ ನೋಡಿ ಮೋಸಹೋಗುವವರೇ ಹೆಚ್ಚು. ಹೊಳಪು ಶಾಖವನ್ನು ತಡೆಯಬೇಕಾದರೆ ಎದುರಿಗೆ ಖಾಲಿ ಗಾಳಿಯ ಜಾಗ ಇರಬೇಕು. ಎರಡರ ನಡುವೆ ಒತ್ತಿ ಅಂಟಿಸಿದರೆ ಶಾಖ ಮುಟ್ಟಿಕೊಂಡೇ ದಾಟುತ್ತದೆ. ಶಾಖಕ್ಕೆ ಬೇಕಾದದ್ದು ಮುಚ್ಚಿದ ಗುಳ್ಳೆಗಳ ಫೋಮು. ಹಾಸಿಗೆಯ ಸ್ಪಂಜು ಹಾಕಿದರೆ ಮತ್ತೆ ಗೋಣಿತಾಟಿನ ಕಥೆಯೇ. ಹತ್ತು ಮಿಲಿಮೀಟರ್ ದಪ್ಪದ ಫೋಮನ್ನೇ ಹಾಕಿಸಿದೆ. ಅದಕ್ಕಿಂತಲೂ ಅಗ್ಗದ ಮದ್ದು ಸೂರಿನ ಹೊರಮೈಗೆ ಬಿಳಿ ಬಣ್ಣ.

ಅಪ್ಪ ಇದನ್ನೆಲ್ಲ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಕ್ಯಾಬಿನ್ ಮೇಲೆ ಟಾರ್ಪಾಲು ಮಡಿಸಿಟ್ಟಿದ್ದರೆ ಒಳಗೆ ತಣ್ಣಗಿರುತ್ತಿತ್ತಂತೆ. ಲೋಡಾದ ದಿನ ಟಾರ್ಪಾಲು ಕೊಬ್ಬರಿಯ ಮೇಲೆ, ಬಿಸಿಲು ಡ್ರೈವರನ ಮೇಲೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಗೆ ಭಾರದ ವಿನೈಲ್ ಹಾಸು ಹೊದಿಸಲು ಹೊರಟಾಗ ಮಾತ್ರ ಎದ್ದು ಬಂದರು. “ಸದ್ದು ಪೂರಾ ಮುಚ್ಚಬ್ಯಾಡ ಕಣಪ್ಪ. ಈ ಗಾಡಿಗೆ ಗೇರು ಕಿವೀಲಿ ಹಾಕ್ಬೇಕು, ಕೈಯಲ್ಲಲ್ಲ.” ಡಬಲ್ ಕ್ಲಚ್ಚಿನ ಗಾಡಿ, ಎಂಜಿನ್ನಿನ ದನಿ ಇಳಿದದ್ದು ಕೇಳದಿದ್ದರೆ ಗೇರು ಕರ್ರೆನ್ನುತ್ತದೆ. ವಿನೈಲ್ ವಾಪಸು ಹೋಯಿತು. ಸೂರು, ಬಾಗಿಲುಗಳ ಗಡಗಡ ನಿಂತಿದೆ, ಆರು ಸಿಲಿಂಡರಿನ ದನಿ ಇದ್ದಂತೆಯೇ ಇದೆ. ನನ್ನ ಪ್ರಕಾರ ಅದೇ ಸರಿ.

2025ರಿಂದೀಚೆಗೆ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಅದಕ್ಕೂ ಮುಂಚಿನ ಲಾರಿಗಳು ಇನ್ನೂ ಎಷ್ಟೋ ವರ್ಷ ರಸ್ತೆಯಲ್ಲಿರುತ್ತವೆ. ಲಾರಿ ಮಾಲೀಕರೇ, ಮುಂದಿನ ಸಲ ಎಫ್.ಸಿ.ಗೆ ಬಣ್ಣ ಹೊಡೆಸುವಾಗ ಕ್ಯಾಬಿನ್ನಿನ ಸೂರಿಗೆ ಬಿಳಿ ಬಳಿಸಿ, ಒಳಗೆ ಒಂದು ಪದರ ಮುಚ್ಚಿದ ಗುಳ್ಳೆಯ ಫೋಮು ಹಾಕಿಸಿ. ಒಂದು ಟೈರಿನ ಬೆಲೆಯೂ ಆಗುವುದಿಲ್ಲ.