ತಾತನ ಗರಿ

ವಿಭೂತಿ ಬುಧವಾರ ನಮ್ಮ ಹಣೆಗೆ ಹಚ್ಚುವ ಬೂದಿ, ಹಿಂದಿನ ವರ್ಷದ ಗರಿಗಳ ಭಾನುವಾರ ಮನೆಗೆ ತಂದ ಗರಿಗಳನ್ನು ಸುಟ್ಟದ್ದು. ಅವನ್ನು ಮೊದಲೇ ಚರ್ಚಿಗೆ ಒಪ್ಪಿಸಬೇಕು. ನಮ್ಮ ಶಿಲುಬೆಯ ಹಿಂದೆ ಸಿಕ್ಕಿಸಿದ್ದ ಗರಿ ಮಾವನವರು ಹೆಣೆದದ್ದು. ಮಳೆಗಾಲದಲ್ಲಿ ಅವರು ತೀರಿಕೊಂಡರು.

"ಕೊಡೋಲ್ಲ, ಇದು ತಾತಂದು" ಎಂದು ಮಗ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟ. ತಪಸ್ಸುಕಾಲದ 40 ದಿನವೂ ಚಾಕೊಲೇಟು ಬಿಡುತ್ತೇನೆಂದು ತಾನಾಗಿ ಹೇಳಿದ್ದ ಹುಡುಗ! 18 ತುಂಬುವವರೆಗೆ ಉಪವಾಸದ ಕಟ್ಟಳೆಯೇ ಇಲ್ಲ. ಅಂಥವನಿಂದ ಇದನ್ನು ಬಿಡಿಸಲೇ? ಗದರಿಸಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ, ಎರಡು ದಿನದಿಂದ ನಾನೂ ಅದನ್ನು ತೆಗೆಯದೆ ಮುಂದೂಡಿದ್ದೆ.

ಕೊನೆಗೆ ಅವನೇ ಕತ್ತರಿ ತಂದ. ಅರ್ಧ ಚರ್ಚಿಗೆ, ಅರ್ಧ ಶಿಲುಬೆಯ ಹಿಂದಕ್ಕೆ. ಬುಧವಾರ ಬೂದಿ ಹಚ್ಚಿಸಿಕೊಂಡವನು ರಾತ್ರಿಯವರೆಗೂ ಮುಖ ತೊಳೆಯಲಿಲ್ಲ.